ಮೂರನೇ ಗೇರಿನ ಹಲ್ಲು

ಈ ಕಾರಿನ ಕೀಲಿ ಸ್ಟೀರಿಂಗ್ ಪಕ್ಕದಲ್ಲಿಲ್ಲ.
ಎರಡು ಸೀಟುಗಳ ನಡುವೆ, ನೆಲದ ಹತ್ತಿರ,
ಬಿಸ್ಕತ್ತಿನ ಪುಡಿ ಬೀಳುವ ಜಾಗದಲ್ಲಿದೆ.
ರಿವರ್ಸಿಗೆ ಹಾಕಿದರಷ್ಟೇ ಹೊರಗೆ ಬರುತ್ತದೆ.
ಕೊಂಡ ದಿನ ಇದು ತಿಳಿಯದೆ
ಟ್ರೋಲ್‌ಹೆಟ್ಟನ್ನಿನ ಮೀನಂಗಡಿಯ ಮುಂದೆ
ಇಪ್ಪತ್ತು ನಿಮಿಷ ಜಗ್ಗಾಡಿದ್ದೆ.

ಸಾಬ್ ಒಂಬೈನೂರು. ಟರ್ಬೊ. ಎಂಬತ್ತೊಂಬತ್ತರದು.
ನನಗಿಂತ ಎರಡು ವರ್ಷ ಚಿಕ್ಕದು;
ತುಕ್ಕು ಮಾತ್ರ ಅದಕ್ಕೇ ಮೊದಲು ಹತ್ತಿತು.
ರಸ್ತೆಗೆ ಚೆಲ್ಲಿದ ಉಪ್ಪು ಚಳಿಗಾಲವಿಡೀ
ಬಾಗಿಲ ಅಂಚನ್ನು ಉಪ್ಪಿನಕಾಯಿ ಹಾಕುತ್ತದೆ.
ಪ್ರತಿ ವರ್ಷ ತಪಾಸಣೆಯವನು ಸ್ಕ್ರೂಡ್ರೈವರ್ ಹಿಡಿದು
ಅಡಿಯೆಲ್ಲ ಚುಚ್ಚಿ ನೋಡುತ್ತಾನೆ,
ಬೆಂದಿದೆಯೋ ಇಲ್ಲವೋ ಅನ್ನುವಂತೆ.
ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ.

ಮಾರಿದವನು ಸಿಕ್ಸ್‌ಟನ್.
ಕಾರ್ಖಾನೆಗೆ ಬೀಗ ಬೀಳುವ ತನಕ
ಗೇರ್‌ಬಾಕ್ಸ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ.
ಕೀಲಿ ಕೊಡುವಾಗ ಹೇಳಿದ್ದು ಇಷ್ಟೇ:
"ಬೂಸ್ಟ್ ಏರಿಸಬೇಡ, ಇಲ್ವಾ.
ಎಂಜಿನ್ ತಡೆಯುತ್ತದೆ. ಕೆಳಗಿನದು ತಡೆಯುವುದಿಲ್ಲ."

ಕೆಳಗಿನದು ಅಂದರೆ ಗೇರ್‌ಬಾಕ್ಸ್.
ಎಂಜಿನ್ನು ಅದರ ಹೆಗಲ ಮೇಲೇ ಕೂತಿದೆ,
ಮೆರವಣಿಗೆ ನೋಡಲು ಅಪ್ಪನ ಹೆಗಲೇರಿದ ಮಗು.
ಮಗುವಿಗೇನು ಗೊತ್ತು ಅಪ್ಪನ ಬೆನ್ನು.

ನಾನು ನರ್ಸು. ರಾತ್ರಿ ಪಾಳಿ.
ಬೆಳಗಿನ ತನಕ ಕಂಡವರ ಒತ್ತಡ ಇಳಿಸುವುದು ನನ್ನ ಕೆಲಸ.
ಅದಕ್ಕೇ ಇರಬೇಕು, ಗ್ಯಾರೇಜಿನಲ್ಲಿ ಕೈ ತಡೆಯಲಿಲ್ಲ.
ಹತ್ತರ ಸ್ಪ್ಯಾನರು, ಎರಡೇ ಸುತ್ತು.
ಮಾಪಕದಲ್ಲಿ ಅಂಕಿಯಿಲ್ಲ, ಬಣ್ಣಗಳಷ್ಟೇ;
ಮುಳ್ಳು ಕೆಂಪಿನ ಹೊಸ್ತಿಲಲ್ಲಿ ನಿಂತು
ಒಳಗೆ ಬರಲಾ ಎಂದು ಕೇಳುತ್ತಿತ್ತು.

ಏಪ್ರಿಲ್. ಪಾಳಿ ಮುಗಿದಿತ್ತು. ಸ್ಟಾಲ್‌ಬಾಕಾ ಸೇತುವೆ ಖಾಲಿ.
ಕೆಳಗೆ ನದಿ, ಇನ್ನೂ ಬಣ್ಣ ಬಂದಿಲ್ಲ.
ಕಾಲು ಒತ್ತಿದೆ.
ಏನೂ ಇಲ್ಲ.
ಒಂದು, ಎರಡು,
ಆಮೇಲೆ ಯಾರೋ ಬೆನ್ನಿಗೆ ಅಂಗೈಯಿಟ್ಟು
ಹೋಗು ಅಂದರು.

ಹನ್ನೊಂದು ವಾರ ಹಾಗೇ ಹೋದೆ.
ಸುಳ್ಳು ಹೇಳಲಾರೆ, ಮನೆಗೆ ದೂರದ ದಾರಿಯಲ್ಲೇ ಬರುತ್ತಿದ್ದೆ.

ಹನ್ನೆರಡನೆಯ ವಾರ, ಎರಡರಿಂದ ಮೂರಕ್ಕೆ ಹಾಕಿದಾಗ
ಕಾಲಡಿ ಯಾರೋ ಹುರಿಗಡಲೆ ಅಗಿದರು.
ಹಲ್ಲಿದ್ದವರಿಗೆ ಕಡಲೆಯಿಲ್ಲ,
ಕಡಲೆಯಿದ್ದವರಿಗೆ ಹಲ್ಲಿಲ್ಲ.
ಎರಡೂ ಇತ್ತಲ್ಲ ನನಗೆ, ಹನ್ನೊಂದು ವಾರ.

ಸಿಕ್ಸ್‌ಟನ್ ಬಂದ. ಬೈಯಲಿಲ್ಲ, ಅದೇ ಕಷ್ಟವಾಯಿತು.
ಮುಂದಕ್ಕೆ ಬಾಯಿ ತೆರೆಯುವ ಬಾನೆಟ್ಟನ್ನು ಕಳಚಿ
ಇಬ್ಬರೂ ಸೇರಿ ಎಂಜಿನ್ನು ಗೇರ್‌ಬಾಕ್ಸು ಎರಡನ್ನೂ ಎತ್ತಿದೆವು,
ಸರಪಳಿಯಲ್ಲಿ ತೂಗುತ್ತ, ಕರಿಯ ಎಣ್ಣೆ ತೊಟ್ಟಿಕ್ಕುತ್ತ.
ತಳದ ಬಿರಡೆಯ ಅಯಸ್ಕಾಂತಕ್ಕೆ ಉಕ್ಕಿನ ತುಪ್ಪಳ.
ಮೂರು ಹಲ್ಲುಗಳನ್ನು ಹಳೆಯ ಪತ್ರಿಕೆಯ ಮೇಲೆ
ಸಾಲಾಗಿ ಇಟ್ಟ, ಮರಣವಾರ್ತೆಗಳ ಪುಟ,
ಅದನ್ನು ಇಬ್ಬರೂ ಗಮನಿಸದವರಂತೆ ಇದ್ದೆವು.

ಆಮೇಲೆ ಕನ್ನಡಕ ಹುಡುಕಿದ.
ಕವಚದ ಒಳಗೋಡೆಯಲ್ಲಿ ಒಂದು ಹಳದಿ ಚುಕ್ಕೆ,
ಹೆಬ್ಬೆರಳಿನಷ್ಟು.
"ಪಾಳಿಗೊಂದು ಬಣ್ಣ. ಹಳದಿ ನಮ್ಮದು."
ನಿಮ್ಮದೇ ಕೈಯೇ, ಎಂದೆ.
"ನನ್ನದು. ಇಲ್ಲವೇ ಆಸ್ಟ್ರಿಯದು.
ಶುಕ್ರವಾರ ಅವಳು ಸ್ವಲ್ಪ ಬೇಗ ಮುಗಿಸುತ್ತಿದ್ದಳು."
ಮುದ್ರೆ ಒರೆಸಿ ವಾರದ ಸಂಖ್ಯೆ ಓದಿದ.
ದಿನ ಯಾವುದೆಂದು ಅಲ್ಲಿ ಬರೆದಿರಲಿಲ್ಲ.
ಬಹಳ ಹೊತ್ತು ಓದಿದ.

ಕವಚವನ್ನು ಸೀಮೆಎಣ್ಣೆಯಲ್ಲಿ ನಾನೇ ತೊಳೆದೆ.
ಚುಕ್ಕೆಯ ಸುತ್ತ ಅವನೇ ತೊಳೆದ,
ಕಿವಿಯ ಕಡ್ಡಿಯಲ್ಲಿ.

ಹೊಸ ಗೇರು ಎಸ್ಟೋನಿಯಾದಿಂದ ಬಂತು.
ತಾರ್ತುವಿನಲ್ಲಿ ಒಬ್ಬಾತ ಗಟ್ಟಿ ಉಕ್ಕಿನಲ್ಲಿ ಕಡೆಯುತ್ತಾನೆ,
ಸ್ವಲ್ಪ ಊಳಿಡುತ್ತದೆ, ಒಗ್ಗಿಕೊಳ್ಳಿ, ಎಂದು ಚೀಟಿ ಇಟ್ಟಿದ್ದ.
ನನ್ನ ಎರಡು ತಿಂಗಳ ಓವರ್‌ಟೈಮು
ಅಂಗೈಯಗಲ ಪೆಟ್ಟಿಗೆಯಲ್ಲಿ.

"ಬೂಸ್ಟು?" ಎಂದ, ಕೈ ಒರೆಸಿಕೊಳ್ಳುತ್ತ.
ಹಿಂದಕ್ಕೆ ತಿರುಗಿಸಿದೆ.
"ಎಷ್ಟು?"
ಒಂದು ಸುತ್ತು.
"ಏರಿಸಿದ್ದು ಎರಡಲ್ಲವಾ?"
ನಾನು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸತೊಡಗಿದೆ.

ಮೊದಲ ಓಟಕ್ಕೆ ಅವನೇ ಚಾಲಕ.
ಬೀಗ ಬಿದ್ದ ಗೇಟನ್ನು ದಾಟಿ, ತಲೆ ತಿರುಗಿಸದೆ,
ಎರಡರಲ್ಲಿ ಎಳೆದ.
ಮೂರಕ್ಕೆ ಹಾಕುವ ಮುಂಚೆ
ಕೈ ಚಾಚಿ ರೇಡಿಯೊ ಆರಿಸಿದ.